ನಮ್ಮ ಸರ್ ಕೊಡುವ ಶಿಕ್ಷಾ

ಮೊದಲ ಪುಟ (ಸೆಪ್ಟೆಂಬರ್ 30ರಂದು ತುಂಬಿದ್ದು)

ಜುಲೈನಲ್ಲಿ ಡೈರಿ ತೆಗೆದಾಗ ಈ ಪುಟ ಖಾಲಿ ಬಿಟ್ಟಿದ್ದೆ, ಕೊನೆಗೆ ಒಟ್ಟು ಲೆಕ್ಕ ಇಲ್ಲಿ ಬರೆಯೋಣ ಎಂದು. ಒಂಬತ್ತನೇ ತರಗತಿಯ ಬ್ಲಾಗಿಗೆ ತಗುಲಿದ್ದು ಇಷ್ಟು: ಹನ್ನೆರಡು ವಾರ. ಒಂದು ವಿಚಾರಣೆ. ಹೆಡ್‌ಮೇಡಂ ಜೊತೆ ಆರು ಜಗಳ, ಅದರಲ್ಲಿ ನಾನು ಗೆದ್ದದ್ದು ಎರಡು. ಅರವತ್ತು ದಾಟಿದ ಒಬ್ಬ ಹೆಂಗಸಿನ ಮುಂದೆ ಒಂದು ಸುಳ್ಳು. ಒಬ್ಬ ಹುಡುಗಿಯ ಹದಿನಾರು ದಿನದ ಹಾಜರಿ.

ಕೊನೆಯದೊಂದೇ ದುಬಾರಿ ಬಿತ್ತು. ಉಳಿದವು ಈ ಧಂದೆಯಲ್ಲಿ ಇರುವಂಥವೇ.

ಜುಲೈ 8, ಸೋಮವಾರ

ಬ್ಲಾಗು ಶುರು. ಹೆಸರು ‘ನಮ್ಮ ಸಾಲಿ ನಮ್ಮ ಮಾತು’.

ಹನ್ನೊಂದು ವರ್ಷ ಹುಮನಾಬಾದ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಿಳಿದು ಸಾಮಾನ್ಯಜ್ಞಾನದ ಪುಸ್ತಕ ಮಾರಿದ ಬಾಯಿ ನನ್ನದು. ಮಾರುತ್ತಲೇ ಅವನ್ನೇ ಓದಿ ಬಿ.ಎ., ಬಿ.ಎಡ್. ಮುಗಿಸಿದೆ. ಡ್ರೈವರ್ ಚಹಾ ಕುಡಿದು ಬರುವುದರೊಳಗೆ ಐವತ್ತು ಮಂದಿಯ ಮುಖ ನನ್ನ ಕಡೆ ತಿರುಗಿಸಿದವನಿಗೆ, ನಲವತ್ತು ನಿಮಿಷದ ಪಿರಿಯಡ್‌ನಲ್ಲಿ ಮೂವತ್ತೆರಡು ಮಕ್ಕಳು ಯಾವ ಲೆಕ್ಕ? ಲೆಕ್ಕ ಬೇರೆ ಕಡೆ ಇದೆ. ಅತಿಥಿ ಶಿಕ್ಷಕನ ಹೆಸರು ವರ್ಷವರ್ಷವೂ ಹೊಸದಾಗಿ ಪಟ್ಟಿಗೆ ಏರಬೇಕು. ಏರಬೇಕಾದರೆ ಹೆಸರು ನಾಲ್ಕು ಮಂದಿಯ ಬಾಯಲ್ಲಿರಬೇಕು. ಅದಕ್ಕೇ ಬ್ಲಾಗು.

ಹೆಡ್‌ಮೇಡಂ ಉಮಾದೇವಿಯವರು ಕನ್ನಡಕದ ಮೇಲಿಂದ ನೋಡಿದರು.

“ಫೋನ್ ಮುಟ್ಟಬ್ಯಾಡ್ರಿ ಅಂತ ನಾ ದಿನಾ ಪ್ರಾರ್ಥನಾದಾಗ ಹೇಳಾಕತ್ತೇನಿ. ನೀವ್ ನೋಡಿದ್ರ ಫೋನಿನ್ಯಾಗ ಪಾಠ ಅಂತೀರಿ.”

“ಫೋನ್ ನಂದೊಂದೇ ಮೇಡಂ. ಮಕ್ಕಳು ನೋಟ್‌ಬುಕ್‌ನಾಗ ಬರೀತಾರ. ನಾ ಹೊಡದು ಏರಸ್ತೀನಿ.”

“ಹೊಡದು?”

“ಟೈಪ್ ಹೊಡದು ಮೇಡಂ.”

“ಪೂರಾ ಹೆಸರು ಬ್ಯಾಡ, ಫೋಟೋ ಬ್ಯಾಡ, ಮನಿಯವರ ಸಹಿ ಬೇಕು. ಮತ್ತ ಏನರ ಆದ್ರ ನಿಮ್ಮ ಕೊರಳಿಗಿ.”

ಮೊದಲ ಜಗಳ. ಗೆದ್ದೆ. ಶಾಲೆಯಲ್ಲಿ ಸಿಗ್ನಲ್ ಸಿಗುವುದು ನೀರಿನ ಟಾಕಿಯ ಪಕ್ಕ ಮಾತ್ರ. ಅಲ್ಲೇ ನಿಂತು ಮೊದಲ ಬರಹ ಏರಿಸಿ, ಕೊಂಡಿಯನ್ನು ಫೇಸ್‌ಬುಕ್ಕಿಗೂ ಹಾಕಿದೆ.

ಜುಲೈ 24, ಬುಧವಾರ

ಒಂಬತ್ತು ಬರಹ ಏರಿವೆ. ಒಟ್ಟು ನೋಟ ಅರವತ್ತೊಂದು, ಅದರಲ್ಲಿ ಮೂವತ್ತು ನನ್ನವೇ.

ಒಂದೊಂದನ್ನೂ ತಿದ್ದಿ, ಇಸ್ತ್ರಿ ಮಾಡಿ, ಅಚ್ಚಿನ ಕನ್ನಡಕ್ಕೆ ತಂದೇ ಏರಿಸುತ್ತಿದ್ದೇನೆ. ಹುಡಗಿ ಊರಿನಿಂದ ಬರುವ ಕುನಾಲ ಇವತ್ತು ತಕರಾರು ತೆಗೆದ.

“ಸರ್, ನಾ ‘ಮಳಿ ಹೊಡಿಲಾಕತ್ತದ’ ಅಂತ ಬರದಿದ್ದೆ. ನೀವ್ ‘ಧಾರಾಕಾರವಾಗಿ ಸುರಿಯುತ್ತಿದೆ’ ಮಾಡೀರಿ. ನಮ್ಮವ್ವಗ ಓದಿ ಹೇಳಿದ್ರ, ಇದು ಯಾವೂರ ಮಳಿಯೋ ಅಂದಳು.”

“ಬ್ಲಾಗ್ ಬೆಂಗಳೂರಿನವರೂ ಓದತಾರ, ಕುನಾಲ.”

“ಹಂಗಾರ ಅವರ ಊರಿನ ಮಳಿ ಅವರೇ ಬರೀಲಿ ರೀ.”

ತರಗತಿ ನಕ್ಕಿತು. ನಾನೂ ನಕ್ಕೆ. ತಿದ್ದುವುದನ್ನು ಬಿಡಲಿಲ್ಲ.

ಆಗಸ್ಟ್ 2, ಶುಕ್ರವಾರ

ನಿನ್ನೆ ಶೇರ್ ಆಟೋ ಹೊರಡುವ ಗಡಿಬಿಡಿಯಲ್ಲಿ ಕುನಾಲನ ಬರಹ ತಿದ್ದದೆಯೇ ಏರಿಬಿಟ್ಟಿತು. ಊರಿನ ಮೇಲಿನ ಪ್ರೀತಿ ಬರೆದಿದ್ದ: ‘ನಂಗ ಹುಡಗಿ ಬಿಟ್ಟು ಇರಾಕ ಆಗಂಗಿಲ್ಲ. ಸೂಟಿಯಾಗ ಮಾಮಾನ ಊರಿಗಿ ಹೋದ್ರೂ ಹುಡಗಿನೇ ನೆನಪಾಗ್ತದ.’

ದೂರದ ಯಾರೋ ಕೆಳಗೆ ಬರೆದರು: ‘ಒಂಬತ್ತನೇ ಕ್ಲಾಸಿಗೇ ಇದೆಲ್ಲ ಬೇಕಿತ್ತಾ ಮರಿ?’

ಕುನಾಲನ ಉತ್ತರವನ್ನು ಹೇಳಿದಂತೆಯೇ ಟೈಪ್ ಮಾಡಿದೆ: ‘ಹುಡಗಿ ನಮ್ಮೂರ ಹೆಸರು ರೀ ಸಾಹೇಬ್ರ. ಬಸ್ಸಿನ ಬೋರ್ಡ್ ನೋಡ್ರಿ.’

ಸಂಜೆಯೊಳಗೆ ಆರುನೂರ ನಲವತ್ತು ನೋಟ. ತಿದ್ದಿದ ಒಂಬತ್ತಕ್ಕೆ ಅರವತ್ತೊಂದು, ತಿದ್ದದ ಒಂದಕ್ಕೆ ಆರುನೂರ ನಲವತ್ತು. ಯಾವ ಮಾಲು ಓಡುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಇನ್ನು ತಿದ್ದುವುದಿಲ್ಲ. ದಿನಕ್ಕೆ ಒಂದು ತಾಸು ಉಳಿತಾಯ.

ಆಗಸ್ಟ್ 13, ಮಂಗಳವಾರ

ಎರಡು ಒಳ್ಳೆಯ ಸುದ್ದಿ.

ಒಂದು: ಆಗಸ್ಟ್ 31ಕ್ಕೆ ಬಸವಕಲ್ಯಾಣದಲ್ಲಿ ಶಿಕ್ಷಕರ ಕಾರ್ಯಾಗಾರ. ‘ತರಗತಿಯಲ್ಲಿ ಬ್ಲಾಗು ಮತ್ತು ಸಾಮಾಜಿಕ ಜಾಲತಾಣ’ ಎಂಬ ವಿಷಯದ ಮೇಲೆ ಹನ್ನೆರಡು ನಿಮಿಷ ಮಾತಾಡಲು ನನಗೆ ಕರೆ. ಎರಡು ತಾಲೂಕಿನ ಮಾಸ್ತರರು, ಎದುರಿಗೆ ಅಧಿಕಾರಿಗಳು, ಕೈಯಲ್ಲಿ ಮೈಕು.

ಎರಡು: ಪ್ರಣಿತಾ ಎಂಬ ಹುಡುಗಿ. ಕೂಲಿ ಮಾಡುವ ದೇವಿದಾಸನ ಮಗಳು. ಅವರ ಮನೆಯವರು ಕಟ್ಟಡದ ಕೆಲಸಕ್ಕೆ ಹೈದರಾಬಾದಿನಲ್ಲಿದ್ದಾಗ ಆರನೆಯ ತರಗತಿಯವರೆಗೆ ಅಲ್ಲಿ ಹಿಂದಿ ಮಾಧ್ಯಮದಲ್ಲಿ ಓದಿದವಳು. ತರಗತಿಯಲ್ಲಿ ಬಾಯಿ ಬಿಡುವುದಿಲ್ಲ. ನೋಟ್‌ಬುಕ್ಕಿನಲ್ಲಿ ಬಿಡುತ್ತಾಳೆ. ತನ್ನ ಆಯಿ, ಅಂದರೆ ಅಜ್ಜಿ, ಬಿಸಿಲು ನೋಡಿ ಗಂಟೆ ಹೇಳುವುದರ ಬಗ್ಗೆ ಬರೆದದ್ದು ಸಾವಿರದ ಇನ್ನೂರು ದಾಟಿತು.

ಹನ್ನೆರಡು ನಿಮಿಷದಲ್ಲಿ ಏನೇನು ಹೇಳಬೇಕೆಂದು ಪಟ್ಟಿ ಮಾಡಿದೆ. ಹದಿನೇಳು ಅಂಶಗಳಾದವು.

ಆಗಸ್ಟ್ 20, ಮಂಗಳವಾರ

ಪ್ರಣಿತಾಳ ಹೊಸ ಬರಹ ಏರಿಸಿದೆ. ತಿದ್ದುವುದರ ಜೊತೆಗೇ ಟೈಪ್ ಮಾಡುವುದೂ ಬಿಟ್ಟಿದ್ದೇನೆ, ಫೋನು ಈಗ ಪುಟದ ಫೋಟೋ ನೋಡಿ ತಾನೇ ಅಕ್ಷರ ತೆಗೆಯುತ್ತದೆ. ಶೀರ್ಷಿಕೆಯಲ್ಲಿ ‘ನಮ್ಮ ಸರ್’ ಎಂದಿತ್ತು, ಅಷ್ಟು ಕಣ್ಣಿಗೆ ಬಿತ್ತು. ಖುಷಿಯಾಯಿತು. ಕಾರ್ಯಾಗಾರದ ಭಾಷಣ ಹದಿನೆಂಟು ನಿಮಿಷಕ್ಕೆ ನಿಂತಿದೆ. ಆರು ನಿಮಿಷ ಕತ್ತರಿಸಬೇಕು. ಒಂದೂ ಕತ್ತರಿಸುವಂತಿಲ್ಲ.

ಆಗಸ್ಟ್ 22, ಗುರುವಾರ

ಹದಿನೆಂಟು ಸಾವಿರ ನೋಟ. ಬೆಳಿಗ್ಗೆ ನೋಡಿ ಕುಣಿಯುವುದೊಂದು ಬಾಕಿ. ಹತ್ತು ಗಂಟೆಗೆ ಮೇಡಂ ಕರೆದರು.

“ಏನ್ ಮಾಡೀರಿ ಇದು? ಮಕ್ಕಳಿಗಿ ಹಿಂಸಾ ಮಾಡೋ ಮಾಸ್ತರ ಅಂತ ಮಂದಿ ಇಲಾಖೆಗಿ ದೂರು ಬರದಾರ! ಯಾರೋ ವಿಡಿಯೋ ಮಾಡಿ ಬಿಟ್ಟಾರ!”

ನಾನು ಬರಹ ತೆಗೆದು ಓದಿದೆ. ಎರಡು ಸಲ ಓದಿದರೂ ತಪ್ಪು ಸಿಗಲಿಲ್ಲ. ಇಲ್ಲಿ ಅಂಟಿಸಿಡುತ್ತೇನೆ:

‘ನಮ್ಮ ಸರ್ ಭಾಳ ಛಲೋ ಶಿಕ್ಷಾ ಕೊಡ್ತಾರ. ದಿನಾ ಎರಡು ತಾಸು ಕೊಡ್ತಾರ. ಶನಿವಾರ ಸಾಲಿ ಬಿಟ್ಟ ಮ್ಯಾಲೂ ಕೂಡಿಸಿ ಕೊಡ್ತಾರ. ಯಾರಿಗೂ ಬಿಡಂಗಿಲ್ಲ. ಹುಡುಗ, ಹುಡುಗಿ ಅನ್ನಂಗಿಲ್ಲ, ಎಲ್ಲಾರಿಗೂ ಸರಿಸಮ. ಮೊದಲ ನಂಗ ಅಳು ಬರ್ತಿತ್ತು, ಈಗ ರೂಢಿ ಆಗ್ಯದ. ನಮ್ಮ ಆಯಿಗಿ ಸಣ್ಣಾಕಿ ಇದ್ದಾಗ ಇಂಥಾ ಶಿಕ್ಷಾ ಸಿಗಲಿಲ್ಲಂತ ಆಕಿ ಈಗೂ ಮರಗ್ತಾಳ. ದೊಡ್ಡಾಕಿ ಆದ ಮ್ಯಾಲ ನಾನೂ ಸರ್ ಹಂಗ ಮಕ್ಕಳಿಗಿ ಶಿಕ್ಷಾ ಕೊಡಾಕಿ ಆಗ್ತೀನಿ.’

“ಹೊಗಳ್ಯಾಳಲ್ರಿ ಮೇಡಂ!” ಎಂದೆ.

ವಿಜ್ಞಾನದ ಆಸಿಫ್ ಸರ್ ಬಾಗಿಲಲ್ಲಿ ನಿಂತು ಹೊಟ್ಟೆ ಹಿಡಿದು ನಗುತ್ತಿದ್ದರು.

“ಸರ್‌ಜಿ, ನಮ್ಮ ಮನ್ಯಾಗ, ಟಿ.ವಿ.ಯಾಗ, ಹೈದರಾಬಾದಿನ್ಯಾಗ ಶಿಕ್ಷಾ ಅಂದ್ರ ಓದು. ನಿಮ್ಮ ಪುಸ್ತಕದ ಕನ್ನಡದಾಗ ಶಿಕ್ಷೆ ಅಂದ್ರ ಏಟು. ಕನ್ನಡ ಮಾಸ್ತರ ನೀವೋ, ನಾನೋ?”

ಮತ್ತೊಮ್ಮೆ ಓದಿದೆ. ಅಯ್ಯೋ. ಕೆಳಗೆ ಒಬ್ಬರು ಬರೆದಿದ್ದರು: ‘ಮುಂದಿನ ಪೀಳಿಗೆಯ ಹಿಂಸಕಿಯೂ ತಯಾರಾಗುತ್ತಿದ್ದಾಳೆ.’

ಆಗಸ್ಟ್ 24, ಶನಿವಾರ

ವಿಚಾರಣೆ. ಅಧಿಕಾರಿ ದಾವಣಗೆರೆ ಕಡೆಯವರು, ಈ ಕಡೆ ಬಂದು ಇಪ್ಪತ್ತು ದಿನ. ನೇರವಾಗಿ ತರಗತಿಗೆ ಹೋಗಿ ನಿಂತರು.

“ಮಕ್ಕಳೇ, ಹೆದರಬೇಡಿ. ಈ ಸರ್ ನಿಮಗೆ ಶಿಕ್ಷೆ ಕೊಡ್ತಾರಾ?”

“ಹೌದ್ರೀ ಸರ್!” ಮೂವತ್ತೆರಡು ಬಾಯಿ ಒಟ್ಟಿಗೆ. ನನಗೆ ಒಳ್ಳೆಯದಾಗಲಿ ಎಂದೇ ಇನ್ನಷ್ಟು ಜೋರಾಗಿ.

“ಎಲ್ಲಿ ಕೊಡ್ತಾರೆ?”

ಕುನಾಲ ಎದ್ದು ನಿಂತ. “ಮಳಿ ಇಲ್ಲಂದ್ರ ಬೇವಿನ ಗಿಡದ ಬುಡಕ ರೀ. ಅಲ್ಲಿ ತಂಪು ಗಾಳಿ. ತಲಿಗಿ ಛಲೋ ಹತ್ತತದ.”

ಸಾಹೇಬರ ಪೆನ್ನು ನಿಂತಿತು. ಆಸಿಫ್ ಸರ್ ನಡುವೆ ಬಂದು ಬಿಡಿಸಿ ಹೇಳಿದ ಮೇಲೆ ಉಸಿರು ಬಿಟ್ಟರು. ನಗಲಿಲ್ಲ.

ನನ್ನ ಪಾಲಿನ ಮಾತು ನಾನು ಆಡಿದೆ: “ಹುಡುಗಿ ತಪ್ಪು ಬರೆದಿದ್ದಾಳೆ ಸರ್. ಹಿಂದಿ ಮಾಧ್ಯಮದಿಂದ ಬಂದವಳು. ಕನ್ನಡ ಅರ್ಧಂಬರ್ಧ.” ಮೂರು ಸಲ ಹೇಳಿದೆ, ಬೇರೆಬೇರೆ ರೀತಿಯಲ್ಲಿ.

ಅವರ ತೀರ್ಮಾನ ಸರಳ. ‘ಕನ್ನಡ ಸರಿಯಾಗಿ ಬಾರದೆ ತಪ್ಪು ಬರೆದೆ’ ಎಂದು ಹುಡುಗಿಯಿಂದ ಒಂದು ಪತ್ರ, ಅದನ್ನು ಬ್ಲಾಗಿಗೆ ಹಾಕಿ ಹಳೆಯದನ್ನು ಅಳಿಸುವುದು, ಮುಗಿಯಿತು. ನಾನು ಅಂದುಕೊಂಡದ್ದಕ್ಕಿಂತ ಅಗ್ಗ.

ಪ್ರಣಿತಾ ಎರಡನೇ ಸಾಲಿನಲ್ಲಿ ಕೂತಿದ್ದಳು. ನನ್ನನ್ನೇ ನೋಡುತ್ತಿದ್ದಳು. ಕಿಟಕಿಯ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತೋ ಏನೋ.

ಆಗಸ್ಟ್ 28, ಬುಧವಾರ

ಪ್ರಣಿತಾ ಎರಡು ದಿನದಿಂದ ಬಂದಿಲ್ಲ. ಪತ್ರಕ್ಕೆ ಸಹಿ ಬಾಕಿ.

ಆಗಸ್ಟ್ 31, ಶನಿವಾರ

ಬಸವಕಲ್ಯಾಣದ ಕಾರ್ಯಾಗಾರವನ್ನು ಸೆಪ್ಟೆಂಬರ್ 28ಕ್ಕೆ ದೂಡಿದ್ದಾರಂತೆ. ನನ್ನ ಹನ್ನೆರಡು ನಿಮಿಷ ‘ವಿಚಾರಣೆಯ ಫಲಿತಾಂಶ ನೋಡಿಕೊಂಡು’.

ಪ್ರಣಿತಾ ಗೈರು. ಐದು ದಿನ.

ಸೆಪ್ಟೆಂಬರ್ 2, ಸೋಮವಾರ

ಪತ್ರವನ್ನು ನಾನೇ ಟೈಪ್ ಮಾಡಿಸಿಕೊಂಡು ಶಾಲೆ ಬಿಟ್ಟ ಮೇಲೆ ಅವರ ಮನೆಗೆ ಹೋದೆ. ಒಂದು ಸಹಿ, ಎರಡು ನಿಮಿಷ ಎಂದು ಲೆಕ್ಕ ಹಾಕಿದ್ದೆ.

ಅಂಗಳದಲ್ಲಿ ಆಯಿ, ಸುಂದರಬಾಯಿ, ತೊಗರಿಬೇಳೆ ಹಸನು ಮಾಡುತ್ತಿದ್ದಳು. ಮುಖ ನೋಡಿದವಳೇ ಗುರುತು ಹಿಡಿದಳು.

“ಬಸ್‌ನ್ಯಾಗ ಪುಸ್ತಕ ಮಾರ್ತಿದ್ದ ಮಚ್ಚೇಂದ್ರ ನೀನೇ ಅಲ್ಲೇನು? ಈಕಿ ಸಣ್ಣಾಕಿ ಇದ್ದಾಗ ನಿನ್ನ ಕಡಿಂದ ಅಂಕಲಿಪಿ ತಗೊಂಡಿದ್ದೆ. ನಡುವಿನ ನಾಕು ಹಾಳಿನೇ ಇದ್ದಿದ್ದಿಲ್ಲ.”

“ಹೇಳಿದ್ರ ಬದಲಿ ಕೊಡ್ತಿದ್ದೆ ಆಯಿ.”

“ಬಸ್ ಬಿಟ್ಟ ಮ್ಯಾಲ ಯಾರಿಗಿ ಹೇಳಲಿ?”

ದೇವಿದಾಸ ಕೈಕಾಲು ತೊಳೆದು ಬಂದ. ಜಗಳದ ದನಿಯಿರಲಿಲ್ಲ, ಅದೇ ಕಷ್ಟವಾಯಿತು. “ಸಾಲಿ ಬಿಡು ಅಂತ ನಾ ಅಂದಿಲ್ರಿ ಸರ್. ಆಕಿನೇ ತೊಗರಿ ಕಳೆ ತೆಗಿಲಿಕ್ಕ ನಮ್ಮ ಕೂಡ ಬರಾಕತ್ಯಾಳ. ಇನ್ನ ಎರಡು ವಾರಕ್ಕ ಕೂಲಿ ಹಚ್ಚೋ ಮುಕಾದಮ ಆಕಿ ಹೆಸರೂ ಬರ್ಕೋತಾನ. ಒಮ್ಮಿ ಅಲ್ಲಿ ಹೆಸರು ಹತ್ತಿದ್ರ ನಿಮ್ಮ ಪುಸ್ತಕಕ್ಕ ತಿರುಗಿ ಬರೋದು ಕಠಿಣ.”

ಪ್ರಣಿತಾ ಪತ್ರ ತೆಗೆದುಕೊಂಡು ನಿಂತಲ್ಲೇ ಓದಿದಳು, ಪೂರ್ತಿ.

“ಇದು ಸುಳ್ಳದ ರೀ. ನಾ ತಪ್ಪ ಬರದಿಲ್ಲ.”

“ತಪ್ಪಲ್ಲ ಪ್ರಣಿತಾ, ಅರ್ಥ ಬೇರೆ ಆಯ್ತು. ಬರೇ ಸಹಿ...”

“ನೀವು ಸಾಹೇಬರ ಮುಂದ ತಪ್ಪ ಅಂದ್ರಿ. ಮೂರು ಸಲ.” ಪತ್ರ ವಾಪಸ್ ಕೊಟ್ಟು ಕೇಳಿದಳು: “ಏರಿಸೋ ಮುಂದ ನೀವು ಓದಿದ್ರೇನ್ರಿ ಸರ್?”

“ಓದಿದ್ದೆ,” ಎಂದೆ. ಬಾಯಿಗೆ ಬಂದದ್ದು ಅದು.

ಆಯಿ ಬೇಳೆಯಿಂದ ತಲೆ ಎತ್ತದೆ ಹೇಳಿದಳು: “ಅಂಕಲಿಪಿ ಮಾರೋ ಮುಂದನೂ ಹಿಂಗೇ ಅಂದಿದ್ದಿ. ಪೂರಾ ಅದ ಆಯಿ, ಓದಿ ನೋಡೀನಿ ಅಂತ.”

ಸಹಿ ಇಲ್ಲದ ಪತ್ರದೊಂದಿಗೆ ವಾಪಸ್. ಹಟಮಾರಿ ಮಂದಿ. ನನ್ನ ನೌಕರಿಯ ಪ್ರಶ್ನೆ ಯಾರಿಗೂ ಕಾಣುವುದಿಲ್ಲ.

ಸೆಪ್ಟೆಂಬರ್ 4, ಬುಧವಾರ

ಮಧ್ಯಾಹ್ನದ ಬಿಡುವಿನಲ್ಲಿ ಟಾಕಿಯ ಪಕ್ಕ ನಿಂತು ಬ್ಲಾಗನ್ನು ಮೊದಲಿನಿಂದ ಓದಿದೆ. ಕಚೇರಿಗೆ ಸಮಜಾಯಿಷಿ ಬರೆಯಲು ಸಾಮಗ್ರಿ ಸಿಕ್ಕೀತೆಂದು. ಮೂವತ್ತೆರಡು ಬರಹಗಳಲ್ಲಿ ಇಪ್ಪತ್ತೊಂದು ನನಗೆ ಹೊಸವು. ಏರಿಸಿದವನು ನಾನೇ.

ಒಬ್ಬಳು ತನ್ನ ತಮ್ಮನ ಕಿವುಡಿನ ಬಗ್ಗೆ ಬರೆದಿದ್ದಾಳೆ. ಅವನು ನನ್ನ ಏಳನೇ ತರಗತಿಯಲ್ಲಿ ಕೂರುತ್ತಾನೆ, ಹಿಂದಿನ ಬೆಂಚಿನಲ್ಲಿ. ಒಬ್ಬ ಬರೆದಿದ್ದಾನೆ: ‘ಸರ್ ಪ್ರಶ್ನಿ ಕೇಳ್ತಾರ, ನಾವು ಬಾಯಿ ತೆಗಿಯೋದ್ರೊಳಗ ಅವರೇ ಉತ್ತರ ಹೇಳ್ತಾರ.’ ಇದಕ್ಕೆ ನಾನೂರು ನೋಟ ಬಂದಿವೆ.

ಬಿಸಿಲು ನೋಡಿ ಗಂಟೆ ಹೇಳುವ ಆಯಿಯ ಬರಹದ ಕೊನೆಯ ಸಾಲು: ‘ಆಯಿಗಿ ಶಿಕ್ಷಾ ಸಿಗಲಿಲ್ಲ, ಅದಕ್ಕ ಗಡಿಯಾರ ಓದಾಕ ಬರಂಗಿಲ್ಲ.’ ಅದೇ ಶಬ್ದ, ಒಂದು ವಾರ ಮೊದಲೇ. ಓದಿದ್ದರೆ ಅವತ್ತೇ ತರಗತಿಯಲ್ಲಿ ಎತ್ತಿ ಹೇಳಬಹುದಿತ್ತು, ಈ ಶಬ್ದಕ್ಕೆ ಎರಡು ಮುಖವಿದೆ ಎಂದು.

ಏಳನೇ ತರಗತಿಯ ಆ ಹುಡುಗನನ್ನು ಮುಂದಿನ ಬೆಂಚಿಗೆ ಕರೆದೆ.

ಸೆಪ್ಟೆಂಬರ್ 5, ಗುರುವಾರ

ಶಿಕ್ಷಕರ ದಿನ. ಮಕ್ಕಳು ಪೆನ್ನು ಕೊಟ್ಟರು. ಭಾಷಣ ಮಾಡಿ ಎಂದರು. ಇವತ್ತು ಬೇಡ ಎಂದೆ. ಆಸಿಫ್ ಸರ್ ನನ್ನ ಹಣೆ ಮುಟ್ಟಿ ನೋಡಿದರು, ಜ್ವರ ಇದೆಯೇನೋ ಎಂದು.

ಸೆಪ್ಟೆಂಬರ್ 9, ಸೋಮವಾರ

ಆರನೆಯ ಜಗಳ. ಕಚೇರಿಗೆ ನಾನು ಬರೆದ ಪತ್ರ ಮೇಡಂ ಕೈಯಲ್ಲಿತ್ತು: ‘ವಿದ್ಯಾರ್ಥಿನಿಯ ಬರಹದಲ್ಲಿ ತಪ್ಪಿಲ್ಲ. ಅವಳ ಮನೆಯ ಮಾತಿನಲ್ಲಿ ಆ ಶಬ್ದದ ಅರ್ಥ ಓದು. ಬರಹವನ್ನು ನಾನು ಓದದೆ ಪ್ರಕಟಿಸಿದೆ. ವಿಚಾರಣೆಯಲ್ಲಿ ತಪ್ಪನ್ನು ಅವಳ ಮೇಲೆ ಹಾಕಿದೆ. ಎರಡೂ ತಪ್ಪು ನನ್ನವು.’

“ತಲಿ ಸರಿ ಅದ ಇಲ್ಲರೀ? ಹಿಂಗ ಬರದ್ರ ಮುಂದಿನ ವರ್ಷ ನಿಮ್ಮ ಹೆಸರು ಪಟ್ಟಿಯಾಗ ಇರಂಗಿಲ್ಲ.”

“ಇರಲಿಕ್ಕಿಲ್ಲ ಮೇಡಂ.”

“ಆ ಹುಡುಗಿ ಸಹಿ ಮಾಡಿದ್ರ ಎಲ್ಲಾ ಸುಸೂತ್ರ ಮುಗೀತಿತ್ತು.”

“ಆಕಿ ಮಾಡಂಗಿಲ್ರಿ. ಓದಿ ಸಹಿ ಮಾಡೋ ಹುಡುಗಿ ಆಕಿ.”

ಮೇಡಂ ಪತ್ರವನ್ನು ಮತ್ತೊಮ್ಮೆ ಓದಿದರು. ಆಮೇಲೆ ಪತ್ರಕ್ಕೆ ಮೊಹರು ಒತ್ತಿದರು. ಅದೇ ಪತ್ರವನ್ನು ಬ್ಲಾಗಿಗೂ ಏರಿಸಿದೆ. ಪ್ರಣಿತಾಳ ಬರಹ ಅಳಿಸಲಿಲ್ಲ.

ಸೆಪ್ಟೆಂಬರ್ 14, ಶನಿವಾರ

ಮತ್ತೆ ಅವರ ಮನೆ. ಸೋಮವಾರ ಈದ್ ರಜೆ, ಮಂಗಳವಾರ ಕಲ್ಯಾಣ ಕರ್ನಾಟಕ ಉತ್ಸವ. ಬುಧವಾರದಿಂದ ಹೊಸ ಹೊಲ, ಮುಕಾದಮ ಅಂದೇ ಹೆಸರು ಬರೆದುಕೊಳ್ಳುತ್ತಾನೆ ಎಂದು ಕುನಾಲ ಹೇಳಿದ್ದ.

ಜೇಬಿನಿಂದ ಫೋನು ತೆಗೆದು “ಆಯಿ, ಒಂದು ಓದಿ ಹೇಳ್ತೀನಿ ಕೇಳು,” ಎಂದೆ.

“ನೀ ಬ್ಯಾಡ. ನೀ ಓದಿದ್ರ ನಡುವ ನಿನ್ನ ಮಾತು ಕೂಡಸ್ತಿ. ಆಕಿ ಓದಲಿ.”

ಪ್ರಣಿತಾ ಓದಿದಳು. ‘ಎರಡೂ ತಪ್ಪು ನನ್ನವು’ ಎಂಬಲ್ಲಿ ನಿಲ್ಲಿಸಿ ನನ್ನ ಕಡೆ ನೋಡಿದಳು.

“ಮೂರು ರೀ.”

“ಏನು?”

“ಮೂರು ತಪ್ಪು. ಇಲ್ಲಿ ಬಂದು ಓದಿದ್ದೆ ಅಂದ್ರಲ್ಲ.”

ಹನ್ನೊಂದು ವರ್ಷ ಬಸ್ಸಿನಲ್ಲಿ ಎಂಥೆಂಥ ಗಿರಾಕಿಗೂ ಉತ್ತರ ಕೊಟ್ಟವನು ನಾನು. ಅಲ್ಲೇ ಕೂತು ಎರಡನ್ನು ಮೂರು ಮಾಡಿದೆ.

ದೇವಿದಾಸ ಮಗಳನ್ನು ಕೇಳಿದ: “ಬುಧವಾರ ಎಲ್ಲಿಗಿ? ನೀನೇ ಹೇಳು.”

ಅವಳು ನೇರ ಉತ್ತರ ಕೊಡಲಿಲ್ಲ. ನನಗೆ ಹೇಳಿದಳು: “ಇನ್ನ ಮ್ಯಾಲ ಏರಿಸೋ ಮುಂದ ಬರದವರು ಎದ್ದು ನಿಂತು ಓದಬೇಕು ರೀ. ಎಲ್ಲಾರೂ ಕೇಳಬೇಕು. ಯಾವ ಶಬ್ದಕ್ಕ ಬ್ಯಾರೆ ಮನ್ಯಾಗ ಬ್ಯಾರೆ ಅರ್ಥ ಅದನೋ ಕೈ ಎತ್ತಬೇಕು. ಕೆಳಗ ಯಾರ ಮನ್ಯಾಗ ಏನು ಅಂತ ಬರೀಬೇಕು.”

“ಆಗಲಿ.”

“ನೀವೂ ಕೂತು ಕೇಳಬೇಕು ರೀ. ನಡುವ ಮಾತಾಡಬಾರ್ದು.”

“ಅದು ಭಾಳ ಆಯ್ತು,” ಎಂದಳು ಆಯಿ. “ಮನಷಾ ಸಾಯ್ತಾನ.”

ಸೆಪ್ಟೆಂಬರ್ 18, ಬುಧವಾರ

ಪ್ರಾರ್ಥನೆಯ ಸಾಲಿನಲ್ಲಿ ಮೂವತ್ತೆರಡು. ಎರಡು ಸಲ ಎಣಿಸಿದೆ.

ಸೆಪ್ಟೆಂಬರ್ 28, ಶನಿವಾರ

ಬಸವಕಲ್ಯಾಣ. ಮೊದಲ ಬಸ್ಸಿಗೆ ನಾನು, ಪ್ರಣಿತಾ, ಒಂದು ದಿನ ಕೆಲಸ ಬಿಟ್ಟು ದೇವಿದಾಸ. ಕಚೇರಿಯ ಉತ್ತರ ಅಂಚೆಯಲ್ಲಿದೆಯಂತೆ. ಅದು ಬರುವ ಮೊದಲೇ ಮಾತಾಡಿಬಿಡಿ ಎಂದು ಮೇಡಂ ಕಳಿಸಿದರು.

ನನ್ನ ಹೆಸರು ಕೂಗಿದರು. ಮೈಕು ಹಿಡಿದು ಶಾಲೆಯ ಹೆಸರು, ಬ್ಲಾಗಿನ ಹೆಸರು, ನಾನು ಮಾಡಿದ ಮೂರು ತಪ್ಪು ಹೇಳಿದೆ. ಮೈಕನ್ನು ಪ್ರಣಿತಾಳಿಗೆ ಕೊಟ್ಟು ಕೆಳಗೆ ಬಂದು ಕೂತೆ.

ಅವಳು ಪರದೆಯ ಮೇಲೆ ತನ್ನ ಬರಹ ತೋರಿಸಿದಳು. ಸಭೆ ನಕ್ಕಿತು, ಅವಳು ನಗು ನಿಲ್ಲುವವರೆಗೆ ಕಾದಳು. ಬರಹದ ಕೆಳಗೆ ಈಗ ತರಗತಿ ಬರೆದ ಸಾಲು ಇದೆ: ‘ಶಿಕ್ಷಾ: ಪ್ರಣಿತಾಳ ಮನೆಯಲ್ಲಿ ಓದು. ಪುಸ್ತಕದ ಕನ್ನಡದಲ್ಲಿ ಏಟು. ನಮ್ಮ ಸರ್ ಕೊಡುವುದು ಪ್ರಣಿತಾಳ ಮನೆಯದು.’

ಬಕ್ಕಪ್ಪ ಎಂಬ ಹಿರಿಯ ಮಾಸ್ತರರು ಎದ್ದರು. “ಆ ಶಬ್ದ ತಿದ್ದಿ ‘ಶಿಕ್ಷಣ’ ಅಂತ ಹಾಕಿದ್ರ ಮುಗೀತಿತ್ತಲ್ಲವಾ?”

“ಮುಗೀತಿತ್ರಿ ಸರ್. ಆದ್ರ ಅದು ಸರ್ ಬರದಂಗ ಆಗ್ತಿತ್ತು. ನಮ್ಮ ಆಯಿಗಿ ಓದಿ ಹೇಳಿದ್ರ, ಇದು ಯಾರ ಮಾತು ಅಂತಿದ್ದಳು.”

ಬಕ್ಕಪ್ಪ ಮಾಸ್ತರರು ಕೂತು ತಮ್ಮ ನೋಟ್‌ಬುಕ್ ತೆಗೆದರು. ಪ್ರಣಿತಾ ಒಟ್ಟು ಹದಿನಾಲ್ಕು ನಿಮಿಷ ಮಾತಾಡಿದಳು. ಎರಡು ನಿಮಿಷ ಹೆಚ್ಚಾದದ್ದಕ್ಕೆ ಯಾರೂ ಗಂಟೆ ಬಾರಿಸಲಿಲ್ಲ.

ಸೆಪ್ಟೆಂಬರ್ 30, ಸೋಮವಾರ

ಕಚೇರಿಯ ಪತ್ರ ಬಂತು. ಖರ್ಚು ಮೊದಲ ಪುಟದಲ್ಲಿದೆ. ಇದು ಜಮೆ.

ಉಮಾದೇವಿ ಮೇಡಂಗೆ: ಆರು ಜಗಳದಲ್ಲಿ ನಾಲ್ಕು, ಮತ್ತು ಬೇರೆ ಮೂರು ಶಾಲೆಗಳಿಂದ ‘ಇದನ್ನ ಹ್ಯಾಂಗ ಮಾಡ್ತೀರಿ’ ಎಂದು ಕರೆ.

ಆಸಿಫ್ ಸರ್‌ಗೆ: ತಿಂಗಳುಗಟ್ಟಲೆ ಹೇಳಿ ನಗಲು ಒಂದು ಕಥೆ. ವಿಜ್ಞಾನಕ್ಕೂ ಒಂದು ಬ್ಲಾಗು.

ಕುನಾಲನಿಗೆ: ಅವನ ಊರಿನ ಮಳೆ, ಅವನು ಬರೆದ ಹಾಗೇ.

ಏಳನೇ ತರಗತಿಯ ಹುಡುಗನಿಗೆ: ಮುಂದಿನ ಬೆಂಚು.

ದೇವಿದಾಸನಿಗೆ: ಒಂದು ದಿನದ ಕೂಲಿ ನಷ್ಟ. ಬಸ್ಸಿನಲ್ಲಿ ಬರುವಾಗ ಮೂರು ಮಂದಿಗೆ ಹೇಳಿದ, ಮೈಕಿನಲ್ಲಿ ಮಾತಾಡಿದ್ದು ನನ್ನ ಮಗಳು ಎಂದು.

ಸುಂದರಬಾಯಿ ಆಯಿಗೆ: ಏನೂ ಇಲ್ಲ. ನಾಲ್ಕು ಹಾಳೆ ನನ್ನ ಮೇಲೆ ಬಾಕಿ.

ಪ್ರಣಿತಾಳಿಗೆ: ಹಾಜರಿ ಪುಸ್ತಕದಲ್ಲಿ ಹದಿನೆಂಟರಿಂದ ಇವತ್ತಿನವರೆಗೆ ಒಂದೂ ಗೈರಿಲ್ಲ.

ನನಗೆ: ಒಂದು ಎಚ್ಚರಿಕೆ ಪತ್ರ. ಪೂರ್ತಿ ಓದಿ ಸಹಿ ಮಾಡಿದ್ದೇನೆ.